ಬ್ಯಾಂಡ್ ಹುಡುಗರಿಗೆ ಒಂದು ಸಂಜೆ ಕೊಡಿ

ಮಾನ್ಯರೇ,

ಟ್ರಂಪೆಟ್‌ನಂಥ ಊದುವ ವಾದ್ಯಗಳಿರುವ ಜಮೈಕಾದ ಸ್ಕಾ ಸಂಗೀತಕ್ಕೆ ಪಂಕ್ ಎಂಬ ರಾಕ್ ಶೈಲಿಯ ವೇಗ ಸೇರಿದರೆ ಸ್ಕಾ-ಪಂಕ್. ಅಮೆರಿಕದ ಬರ್ಕ್ಲಿಯಲ್ಲಿ 1987ರಲ್ಲಿ ಶುರುವಾದ ‘ಆಪರೇಷನ್ ಐವಿ’ ಎಂಬ ಸ್ಕಾ-ಪಂಕ್ ತಂಡ ಬೆಳೆದದ್ದು ದೊಡ್ಡ ಕಂಪನಿಯ ದುಡ್ಡಿನಿಂದಲ್ಲ, ಸ್ವಯಂಸೇವಕರು ನಡೆಸುವ ಒಂದು ಸಣ್ಣ ಹಾಲ್‌ನಿಂದ. ಎರಡೇ ವರ್ಷ ಇದ್ದ ಆ ತಂಡವನ್ನು ಜನ ಈಗಲೂ ಕೇಳುತ್ತಾರೆ.

ನಮ್ಮ ದಾವಣಗೆರೆಯಲ್ಲೇನು ಟ್ರಂಪೆಟ್ ಊದುವವರಿಗೆ ಬರವೇ? ಮೊನ್ನೆ ನಮ್ಮ ಬೀದಿಯ ಮದುವೆ ಮೆರವಣಿಗೆಯಲ್ಲಿ ಒಬ್ಬ ಹುಡುಗ ಕೆನ್ನೆ ಉಬ್ಬಿಸಿ ಊದುತ್ತಿದ್ದ. ಮದುಮಗನ ಕಾರು ಮುಂದೆ ಹೋದರೂ ಮಕ್ಕಳು ಅವನ ಸುತ್ತಲೇ ನಿಂತಿದ್ದರು! ಮದುವೆ ಸೀಸನ್ ಮುಗಿದರೆ ಇಂಥವರಿಗೆ ಕೆಲಸವಿಲ್ಲ. ಗಿಟಾರ್ ಹಿಡಿದ ಕಾಲೇಜು ಹುಡುಗರಿಗೆ ನುಡಿಸಲು ಜಾಗವಿಲ್ಲ. ಇಬ್ಬರೂ ಸೇರಿದರೆ ಒಂದು ತಂಡವೇ ಆಗುತ್ತದೆ, ಅಲ್ವಾ? ನಮ್ಮೂರಿನ ಗಾಜಿನ ಮನೆಯ (ಗ್ಲಾಸ್ ಹೌಸ್) ಆವರಣವನ್ನು ಸಂಬಂಧಪಟ್ಟವರು ತಿಂಗಳಿಗೊಂದು ಸಂಜೆ, ಬಾಡಿಗೆ ಇಲ್ಲದೆ, ಇವರಿಗೆ ಬಿಟ್ಟುಕೊಡಲಿ.

– ಸಂಗೀತಪ್ರೇಮಿ, ದಾವಣಗೆರೆ