ಸಾಫ್ಟ್‌ವೇರ್ ಕೊಳ್ಳುವ ಮೊದಲು

ಚಿತ್ರದುರ್ಗ

ಪ್ರೀತಿಯ ತಂಗಿ,

ಕಾದಂಬರಿ ಬರೆಯೋಕೆ ಸ್ಕ್ರಿವ್ನರ್ ಕೊಳ್ಳಲಾ, ವರ್ಡ್‌ನಲ್ಲೇ ಮುಂದುವರಿಯಲಾ ಅಂತ ಕೇಳಿದ್ದೀಯ. ಸದ್ಯಕ್ಕೆ ಕೊಳ್ಳಬೇಡ. ದುಡ್ಡಿನ ಮಾತಲ್ಲ. ನೀನು ಕಳಿಸಿದ ಅಧ್ಯಾಯಗಳಲ್ಲಿ ಮೊದಲೆರಡು ನನ್ನ ಫೋನಿನಲ್ಲಿ ಚೆನ್ನಾಗಿ ತೆರೆದವು, ಮೂರನೆಯದರಲ್ಲಿ ಮಾತ್ರ ಬರೀ ಇಂಗ್ಲಿಷ್ ಅಕ್ಷರಗಳು, ಅವುಗಳ ತಲೆ ಮೇಲೆ ಗೀಟು, ಚುಕ್ಕಿ. ದಾವಣಗೆರೆಯಲ್ಲಿ ಯಾವುದೋ ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡಿಸಿದ್ದೀಯ, ಅಲ್ವಾ? ಮೊದಲು ಅದನ್ನು ಸರಿಮಾಡಿಕೋ. ಆಮೇಲೆ ಸ್ಕ್ರಿವ್ನರ್ ಮಾತು.

ಅಂಗಡಿಯವರು ನುಡಿ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿರುತ್ತಾರೆ. ಆ ಫೈಲಿನೊಳಗೆ ಕನ್ನಡವೇ ಇರುವುದಿಲ್ಲ. ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ, ಅದಕ್ಕೆ ಫಾಂಟು ಕನ್ನಡದ ವೇಷ ಹಾಕಿರುತ್ತದೆ. ಆ ಫಾಂಟು ಇಲ್ಲದ ಕಡೆ ವೇಷ ಕಳಚುತ್ತದೆ. ಯೂನಿಕೋಡ್ ಹಾಗಲ್ಲ, ಅದು ಜಗತ್ತಿನ ಲಿಪಿಗಳ ಅಕ್ಷರಗಳಿಗೆಲ್ಲ ಬೇರೆ ಬೇರೆ ಸಂಕೇತ ಕೊಟ್ಟಿರುವ ಪಟ್ಟಿ, ಅದರಲ್ಲಿ ‘ಕ’ ಅಂದರೆ ಎಲ್ಲಿ ಹೋದರೂ ‘ಕ’. ಆ ಪಟ್ಟಿಯಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು, ಆದರೂ ನಮ್ಮ ಮುದ್ರಣದ ಕಡೆಯವರು ಇನ್ನೂ ಆಸ್ಕಿ ಬಿಟ್ಟಿಲ್ಲ. ಅವರ ಪುಟವಿನ್ಯಾಸದ ತಂತ್ರಾಂಶ ಹಳೆಯದು, ಯೂನಿಕೋಡ್ ಹಾಕಿದರೆ ಒತ್ತಕ್ಷರ ಒಡೆಯುತ್ತದೆ, ಹಾಗಾಗಿ ಅವರನ್ನು ಬೈದು ಪ್ರಯೋಜನ ಇಲ್ಲ. ಪ್ರಕಾಶಕರು ಆಸ್ಕಿ ಕೇಳಿದರೆ ಕೊನೆಯಲ್ಲಿ ಪರಿವರ್ತಿಸಿ ಕೊಡು. ನಿನ್ನ ಮೂಲ ಪ್ರತಿ ಮಾತ್ರ ಯೂನಿಕೋಡ್‌ನಲ್ಲೇ ಇರಲಿ. ಪರಿವರ್ತಿಸಿದ ಮೇಲೆ ಅರ್ಕಾವತ್ತು ಇರುವ ಪದಗಳನ್ನೆಲ್ಲ ಒಮ್ಮೆ ಕಣ್ಣಾರೆ ನೋಡು, ಎಡವಟ್ಟಾಗುವುದು ಜಾಸ್ತಿ ಅಲ್ಲೇ.

ಇಂಗ್ಲಿಷಿನಲ್ಲಿ ಬರೆಯುವವರಿಗೆ ಈ ತಲೆನೋವು ಇಲ್ಲ. ಅದಕ್ಕೇ ಅವರ ಸಲಹೆಗಳಲ್ಲಿ ಕೀಬೋರ್ಡಿನ ಮಾತೇ ಬರುವುದಿಲ್ಲ, ಸೀದಾ ಸಾಫ್ಟ್‌ವೇರ್‌ಗೆ ಹೋಗುತ್ತಾರೆ. ನೀನು ಮೊದಲು ಬೆರಳು ಪಳಗಿಸು. ನನ್ನ ಕೇಳಿದರೆ ಕೆ.ಪಿ. ರಾವ್ ಅವರ ಕೀಬೋರ್ಡ್ ವಿನ್ಯಾಸ, ಅಂದರೆ ನುಡಿಯಲ್ಲಿರುವುದು, ಕಲಿ. ‘ಕೆ’ ಒತ್ತಿದರೆ ಕ, ಒತ್ತಕ್ಷರಕ್ಕೆ ನಡುವೆ ‘ಎಫ್’, ಅಷ್ಟೇ ಅದರ ಗುಟ್ಟು. ವಿಂಡೋಸ್ ಜೊತೆ ಬರುವ ಇನ್‌ಸ್ಕ್ರಿಪ್ಟ್ ಕೂಡ ಒಳ್ಳೆಯದೇ, ಆದರೆ ಕೀಲಿಗಳ ಜಾಗ ಹೊಸದಾಗಿ ಕಲಿಯಬೇಕು. ಯಾವುದಾದರೂ ಸರಿ, ಒಂದನ್ನು ಹಿಡಿ. ಇವತ್ತು ಇದು ನಾಳೆ ಅದು ಅಂತ ಬದಲಾಯಿಸುತ್ತಾ ಹೋದರೆ ಪಾತ್ರ ಮಾತಾಡುತ್ತಿರುವಾಗ ನೀನು ಮಹಾಪ್ರಾಣ ಎಲ್ಲಿದೆ ಅಂತ ಹುಡುಕುತ್ತಾ ಕೂತಿರುತ್ತೀಯ.

ಈಗ ವರ್ಡ್. ಸ್ಕ್ರಿವ್ನರ್‌ನಲ್ಲಿ ನಿನಗೆ ಇಷ್ಟವಾಗಿದ್ದು ದೃಶ್ಯಗಳನ್ನು ಎಳೆದು ಹಿಂದೆ ಮುಂದೆ ಮಾಡಬಹುದು ಅನ್ನೋದು ತಾನೇ? ಅದು ವರ್ಡ್‌ನಲ್ಲೂ ಆಗುತ್ತದೆ. ಅಧ್ಯಾಯದ ಹೆಸರಿಗೆ ಹೆಡಿಂಗ್ 1, ಪ್ರತಿ ದೃಶ್ಯಕ್ಕೂ ಒಂದು ಚಿಕ್ಕ ಹೆಸರು ಕೊಟ್ಟು ಹೆಡಿಂಗ್ 2 ಹಾಕು. ವ್ಯೂ ಮೆನುವಿನಲ್ಲಿ ನ್ಯಾವಿಗೇಶನ್ ಪೇನ್ ತೆರೆದರೆ ಎಡಗಡೆ ಇಡೀ ಕಾದಂಬರಿಯ ಅಸ್ಥಿಪಂಜರ ಕಾಣುತ್ತದೆ. ಅಲ್ಲಿ ಒಂದು ಹೆಸರನ್ನು ಹಿಡಿದು ಎಳೆದರೆ ಅದರ ಕೆಳಗಿನ ಪುಟಗಳೆಲ್ಲ ಜೊತೆಗೇ ಹೋಗುತ್ತವೆ. ನಿನ್ನ ಎರಡನೇ ಅಧ್ಯಾಯದ ಹತ್ತಿ ಮಿಲ್ ಮುಚ್ಚುವ ದೃಶ್ಯ ಮೊದಲೇ ಬರಬೇಕು ಅಂತ ನನಗೆ ಅನ್ನಿಸಿತು, ಹೀಗೆ ಎಳೆದು ನೋಡು. ವರ್ಡ್‌ಗೆ ದುಡ್ಡು ಕೊಡೋದು ಬೇಡ ಅಂದರೆ ಲಿಬ್ರೆಆಫೀಸ್ ಪುಕ್ಕಟೆ, ಅದರ ನ್ಯಾವಿಗೇಟರ್ ಇದೇ ಕೆಲಸ ಮಾಡುತ್ತದೆ.

ಸ್ಪೆಲ್ಲಿಂಗ್ ಪರೀಕ್ಷೆಯನ್ನು ಕರಡಿನ ಹಂತದಲ್ಲಿ ಆರಿಸಿಬಿಡು. ನಿನ್ನ ಅಜ್ಜಿ ಪಾತ್ರ ‘ಐತಿ’ ಅನ್ನುತ್ತಾಳೆ, ಮೊಮ್ಮಗ ‘ಇದೆ’ ಅನ್ನುತ್ತಾನೆ, ಕಥೆಯ ಜೀವ ಇರುವುದೇ ಆ ವ್ಯತ್ಯಾಸದಲ್ಲಿ. ಯಂತ್ರಕ್ಕೆ ಅಜ್ಜಿಯ ಮಾತೆಲ್ಲ ತಪ್ಪು. ಸಾಲು ಸಾಲಾಗಿ ಕೆಂಪು ಗೆರೆ ನೋಡಿ ನೋಡಿ ನಿನಗೇ ಗೊತ್ತಿಲ್ಲದೆ ಅವಳ ಬಾಯಲ್ಲಿ ಪಠ್ಯಪುಸ್ತಕದ ಕನ್ನಡ ತುರುಕುತ್ತೀಯ. ಫೋನಿನ ಕೀಬೋರ್ಡ್ ಇನ್ನೂ ಕಿಲಾಡಿ, ಪದ ಮುಗಿಸುವ ಮೊದಲೇ ತನ್ನದೊಂದನ್ನು ಮುಂದಿಡುತ್ತದೆ. ಬಾಯಲ್ಲಿ ಹೇಳಿ ಬರೆಸುವ ಸೌಲಭ್ಯ ಟಿಪ್ಪಣಿಗೆ ಸಾಕು, ಸಂಭಾಷಣೆಗೆ ನಾನು ನಂಬುವುದಿಲ್ಲ.

ಇನ್ನೊಂದು ವಿಷಯ. ನಾಯಕಿಯ ಹೆಸರು ಗೌರಿ ಬೇಡ, ಶಾಂತ ಅಂತ ಮಾಡ್ತೀನಿ ಅಂದಿದ್ದೆ. ಒಂದೇ ಸಲ ಹುಡುಕಿ ಬದಲಾಯಿಸುವ ಗುಂಡಿ ಒತ್ತಬೇಡ! ನಮ್ಮಲ್ಲಿ ವಿಭಕ್ತಿ ಹೆಸರಿಗೇ ಅಂಟಿಕೊಂಡಿರುತ್ತದೆ. ‘ಗೌರಿಯನ್ನು’ ಹೋಗಿ ‘ಶಾಂತಯನ್ನು’ ಆಗುತ್ತದೆ. ಪಾರ್ವತಿ ಅಂತ ಇಟ್ಟರೆ ಪಾರ್ವತಿಯನ್ನು, ಪಾರ್ವತಿಗೆ, ಪಾರ್ವತಿಯಿಂದ, ಎಲ್ಲ ತಾನಾಗಿ ಕೂರುತ್ತದೆ, ಯಾಕೆಂದರೆ ಎರಡೂ ಹೆಸರು ಇಕಾರದಲ್ಲೇ ಮುಗಿಯುತ್ತವೆ. ಆದರೂ ಒಂದೊಂದಾಗಿ ನೋಡಿಕೊಂಡೇ ಬದಲಾಯಿಸು, ಇಲ್ಲದಿದ್ದರೆ ಐದನೇ ಅಧ್ಯಾಯದಲ್ಲಿ ಊರವರೆಲ್ಲ ಪಾರ್ವತಿ ಹಬ್ಬ ಮಾಡುತ್ತಾರೆ.

ದಿನಕ್ಕೆ ಇಷ್ಟು ಪದ ಅಂತ ಗುರಿ ತೋರಿಸುವ ಪಟ್ಟಿ ಕೆಲವು ಸಾಫ್ಟ್‌ವೇರ್‌ಗಳಲ್ಲಿ ಇರುತ್ತದೆ. ಕಾದಂಬರಿಗೆ 50,000 ಪದ ಅನ್ನುವ ಇಂಗ್ಲಿಷ್ ಲೆಕ್ಕ ನಮಗೆ ಹೊಂದುವುದಿಲ್ಲ. ‘ಬರಬೇಕಾಗಿತ್ತಂತೆ’ ಅನ್ನುವುದನ್ನು ಯಂತ್ರ ಒಂದೇ ಪದ ಅಂತ ಎಣಿಸುತ್ತದೆ. ದಿನಕ್ಕೊಂದು ದೃಶ್ಯ ಅಂತ ಇಟ್ಟುಕೋ, ಸಾಕು.

ನೀನು ದುರ್ಗ–ದಾವಣಗೆರೆ ಬಸ್ಸಿನಲ್ಲಿ ಫೋನಿನಲ್ಲೇ ಬರೀತೀನಿ ಅಂದೆಯಲ್ಲ, ಸ್ಕ್ರಿವ್ನರ್ ಬೇಡ ಅನ್ನೋಕೆ ಅದೂ ಒಂದು ಕಾರಣ. ಆಂಡ್ರಾಯ್ಡ್‌ಗೆ ಅದು ಇಲ್ಲ. ಬಸ್ಸಿಗೆ ಗೂಗಲ್ ಡಾಕ್ಸ್ ಸಾಕು, ಆದರೆ ಸಿಗ್ನಲ್ ಇಲ್ಲದಾಗಲೂ ತೆರೆಯುವಂತೆ ಆ ಫೈಲನ್ನು ಆಫ್‌ಲೈನ್ ಮಾಡಿಟ್ಟುಕೋ. ಅದರಲ್ಲಿ ಹಳೆಯ ಆವೃತ್ತಿಗಳೂ ಉಳಿಯುತ್ತವೆ, ಮೊನ್ನೆ ಅಳಿಸಿದ ಪ್ಯಾರಾ ಇವತ್ತು ಬೇಕು ಅನ್ನಿಸಿದರೆ ಸಿಗುತ್ತದೆ. ಅಷ್ಟಾದರೂ ವಾರಕ್ಕೊಮ್ಮೆ ಒಂದು ಪ್ರತಿ ಪೆನ್‌ಡ್ರೈವ್‌ಗೆ ಹಾಕು, ಫೈಲಿನ ಹೆಸರಲ್ಲಿ ತಾರೀಕು ಇರಲಿ. ‘ಫೈನಲ್’, ‘ಫೈನಲ್ ಹೊಸದು’ ಅಂತೆಲ್ಲ ಇಟ್ಟರೆ ಆರು ತಿಂಗಳಾದ ಮೇಲೆ ದೇವರೇ ಗತಿ. ನೋಟ್‌ಪ್ಯಾಡ್‌ನಲ್ಲಿ ಉಳಿಸುವುದಾದರೆ ಯುಟಿಎಫ್-8, ಅಂದರೆ ಯೂನಿಕೋಡ್ ಉಳಿಸುವ ಬಗೆ, ಅಂತ ಇದೆಯಾ ನೋಡು. 2019ರ ನಂತರದ ವಿಂಡೋಸ್‌ನಲ್ಲಿ ತಾನಾಗಿ ಅದೇ ಇರುತ್ತದೆ, ಹಳೆಯದರಲ್ಲಿ ಆನ್ಸಿ ಇರುತ್ತದೆ, ಅದರಲ್ಲಿ ಉಳಿಸಿದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆ ಆಗುತ್ತದೆ.

ಇಷ್ಟೆಲ್ಲ ಹೇಳಿದರೂ ಸ್ಕ್ರಿವ್ನರ್ ಕೆಟ್ಟದ್ದು ಅಂತಲ್ಲ. ಮೂರು ತಲೆಮಾರಿನ ಕಥೆ, ನೂರಾರು ದೃಶ್ಯ, ಜೊತೆಗೆ ಹಳೇ ಪತ್ರಿಕೆಗಳ ಟಿಪ್ಪಣಿ ಅಂತ ಬೆಳೆದರೆ ಅದು ನಿಜವಾಗಿಯೂ ಉಪಕಾರಿ. 30 ದಿನ ಪುಕ್ಕಟೆ ಬಳಸೋಕೆ ಕೊಡುತ್ತಾರೆ, ನೀನು ತೆರೆದ ದಿನಗಳಷ್ಟೇ ಲೆಕ್ಕಕ್ಕೆ ಬರುತ್ತವೆ. ಆಗ ಸುಮ್ನೆ ಹೊಗಳಿಕೆ ಓದಬೇಡ, ಒಂದು ಅಧ್ಯಾಯ ಹಾಕಿ ಪಿಡಿಎಫ್ ತೆಗೆದು ನೋಡು. ಸ್ವಾತಂತ್ರ್ಯ, ಕಾರ್ತಿಕ, ರ‍್ಯಾಂಕ್, ಈ ಮೂರು ಪದ ಸರಿಯಾಗಿ ಮೂಡಿವೆಯಾ? ‘ರ‍್ಯಾಂಕ್’ನಲ್ಲಿ ಕಣ್ಣಿಗೆ ಕಾಣದ ಒಂದು ಸಂಕೇತ ಇರುತ್ತದೆ, ಅದು ಉದುರಿಹೋದರೆ ‘ರ’ ಹೋಗಿ ಅರ್ಕಾವತ್ತು ಬಂದು ಕೂರುತ್ತದೆ. ಈ ಪದ ಗೆದ್ದರೆ ಉಳಿದವು ಬಹುತೇಕ ಗೆಲ್ಲುತ್ತವೆ.

ಆ ಮೂರನೇ ಅಧ್ಯಾಯವನ್ನು ಅಂಗಡಿಯವರ ಹತ್ತಿರ ಮತ್ತೆ ಟೈಪ್ ಮಾಡಿಸಬೇಡ, ದುಡ್ಡು ದಂಡ. ಫೈಲ್ ಇದ್ದ ಹಾಗೇ ನನಗೆ ಮೇಲ್ ಮಾಡು, ಯೂನಿಕೋಡ್ ಮಾಡಿ ಕಳಿಸುತ್ತೇನೆ. ಭಾನುವಾರ ದುರ್ಗಕ್ಕೆ ಬರುವುದಾದರೆ ಲ್ಯಾಪ್‌ಟಾಪ್ ತಗೊಂಡು ಬಾ, ಮಿಲ್ ದೃಶ್ಯ ಎಲ್ಲಿ ಕೂರಿಸೋದು ಅಂತ ಜಗಳ ಆಡೋಣ.

ನಿನ್ನ
ಅಣ್ಣ