ತಿಮ್ಮಯ್ಯನವರ ಜೊತೆ ನೀನಾ ಅವರನ್ನೂ ನೆನೆಯೋಣ: ಕನ್ನಡ ಮತ್ತು ಸಂಸ್ಕೃತಿ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ನಮಸ್ಕಾರ. ಮಾರ್ಚ್ 31 ಬಂತೆಂದರೆ ಮಡಿಕೇರಿಯಲ್ಲಿ ಜನರಲ್ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರ ಜಯಂತಿ. 1906ರಲ್ಲಿ ಅವರು ಹುಟ್ಟಿದ್ದು ಅದೇ ಊರಿನಲ್ಲಿ. ಒಂದು ಕಾಲಕ್ಕೆ ಆರ್‌ಟಿಒ ಕಚೇರಿ ನಡೆಯುತ್ತಿದ್ದ ಅವರ ಮನೆ ‘ಸನ್ನಿಸೈಡ್’ ಈಗ ಸ್ಮಾರಕ ಭವನವಾಗಿದೆ. 2021ರ ಫೆಬ್ರುವರಿಯಲ್ಲಿ ಅಂದಿನ ರಾಷ್ಟ್ರಪತಿ ರಾಮನಾಥ ಕೋವಿಂದ್ ಅದನ್ನು ಉದ್ಘಾಟಿಸಿದರು. ಆ ಮನೆ ಉಳಿದುಕೊಂಡದ್ದೇ ದೊಡ್ಡ ಸಂಗತಿ; ಅದಕ್ಕಾಗಿ ಓಡಾಡಿದವರಿಗೆಲ್ಲ ನಾವು ಋಣಿಗಳು. ಇನ್ನು ಮುಂದೆ ಆ ಮನೆಯಿಂದ ಆಗಬೇಕಾದ ಒಂದು ಕೆಲಸದ ಬಗ್ಗೆ ನಿಮಗೆ ಬರೆಯುತ್ತಿದ್ದೇನೆ.

ತಿಮ್ಮಯ್ಯನವರ ಮಾತು ಬಂದಾಗ ಮೊದಲು ಬರುವುದು ಝೋಜಿಲಾ. ಬರಲೇಬೇಕು. ಲಡಾಖ್‌ಗೆ ಹೋಗುವ ಆ ಕಣಿವೆ ಮಾರ್ಗ 11,000 ಅಡಿಗೂ ಹೆಚ್ಚು ಎತ್ತರದಲ್ಲಿದೆ. 1948ರಲ್ಲಿ ಪಾಕಿಸ್ತಾನದ ಕಡೆಯ ಪಡೆಗಳು ಅದನ್ನು ಹಿಡಿದು ಕೂತಿದ್ದವು, ನಮ್ಮ ಕಾಲಾಳುಗಳು ನಡೆಸಿದ ದಾಳಿ ಫಲಿಸಿರಲಿಲ್ಲ. ಆಗ ಸ್ಟುವರ್ಟ್ ಟ್ಯಾಂಕುಗಳ ತಿರುಗೋಪುರ ಕಳಚಿ, ಗುಟ್ಟಾಗಿ ಸಾಗಿಸಿದರು. ಹೇಸರಗತ್ತೆಗಳು ಓಡಾಡುವ ದಾರಿಯನ್ನು ಅಗಲ ಮಾಡಿಕೊಟ್ಟವರು ನಮ್ಮ ಬೆಂಗಳೂರನ್ನೇ ನೆಲೆ ಮಾಡಿಕೊಂಡ, ಸೇನೆಯ ಎಂಜಿನಿಯರ್ ಪಡೆಯಾದ ಮದ್ರಾಸ್ ಸ್ಯಾಪರ್ಸ್. ನವೆಂಬರ್ 1ರಂದು ಆ ಹಿಮದಲ್ಲಿ ಟ್ಯಾಂಕು ಕಂಡು ಎದುರಾಳಿಗಳು ಕಂಗಾಲಾದರು. ಡಿವಿಷನ್ನಿನ ಕಮಾಂಡರ್ ಆಗಿದ್ದ ತಿಮ್ಮಯ್ಯ ಸ್ವತಃ ಮುಂಚೂಣಿಯಲ್ಲಿದ್ದರು. ಆಮೇಲೆ ಕೊರಿಯಾದಲ್ಲಿ, ತಾಯ್ನಾಡಿಗೆ ಮರಳಲೊಲ್ಲದ ಯುದ್ಧಕೈದಿಗಳ ವಿಚಾರ ನೋಡಿಕೊಂಡ ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷತೆ. 1957ರಿಂದ 1961ರವರೆಗೆ ಭೂಸೇನೆಯ ಮುಖ್ಯಸ್ಥ ಸ್ಥಾನ. 1964ರಿಂದ ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯ ದಂಡನಾಯಕತ್ವ. ಅಲ್ಲೇ, ಕರ್ತವ್ಯದಲ್ಲಿರುವಾಗಲೇ, 1965ರ ಡಿಸೆಂಬರ್ 18ರಂದು ತೀರಿಕೊಂಡರು. ಸೈಪ್ರಸ್ ಅವರ ನೆನಪಿಗೆ ಅಂಚೆಚೀಟಿ ತಂದಿತು, ಲಾರ್ನಕಾ ಪಟ್ಟಣದ ರಸ್ತೆಯೊಂದಕ್ಕೆ ಅವರ ಹೆಸರಿಟ್ಟಿತು.

ನನಗೆ ಇವೆಲ್ಲದರಷ್ಟೇ ಮುಖ್ಯವಾಗಿ ಕಾಣುವುದು 1935.

ಆ ವರ್ಷ ಜನವರಿಯಲ್ಲಿ ತಿಮ್ಮಯ್ಯನವರಿಗೂ ನೀನಾ ಅವರಿಗೂ ಮದುವೆಯಾಯಿತು. ಮೇ 31ರ ನಸುಕಿನಲ್ಲಿ, ಇನ್ನೂ ಕತ್ತಲಿರುವಾಗ, ಅವರಿದ್ದ, ಈಗ ಪಾಕಿಸ್ತಾನದಲ್ಲಿರುವ ಕ್ವೆಟ್ಟಾದಲ್ಲಿ ಭೂಮಿ ನಡುಗಿತು. ಮಲಗಿದ್ದವರ ಮೇಲೇ ಗೋಡೆ, ಸೂರು ಬಿದ್ದು ಹತ್ತಾರು ಸಾವಿರ ಜನ ಸತ್ತರು. ಊರು ನೆಲಸಮವಾದರೂ ದಂಡು ಪ್ರದೇಶ ಬಹುಮಟ್ಟಿಗೆ ಉಳಿದಿತ್ತು. ಹಾಗಾಗಿ ಅವಶೇಷಗಳಡಿ ಸಿಕ್ಕವರನ್ನು ಎತ್ತುವ ಕೆಲಸ ಸೈನಿಕರ ಪಾಲಿಗೆ ಬಂತು. ಮದುವೆಯಾಗಿ ಐದು ತಿಂಗಳೂ ತುಂಬದ ಈ ದಂಪತಿ ಇಬ್ಬರೂ ಆ ಸೇವೆಗೆ ಇಳಿದರು. ನೀನಾ ಅವರ ಕೆಲಸಕ್ಕೆ, ಸಾರ್ವಜನಿಕ ಸೇವೆಗೆಂದು ಅಂದಿನ ಬ್ರಿಟಿಷ್ ಸರ್ಕಾರ ಕೊಡುತ್ತಿದ್ದ ಕೈಸರ್-ಇ-ಹಿಂದ್ ಪದಕ ಬಂತು. ಗಂಡ ಸೈನಿಕ, ಆತನಿಗೆ ಅದು ಕರ್ತವ್ಯ. ಆಕೆಗೆ ಯಾರ ಆಜ್ಞೆಯೂ ಇರಲಿಲ್ಲ.

ತಿಮ್ಮಯ್ಯನವರಂಥ ದೊಡ್ಡ ಸೇನಾನಿಯ ಬದುಕನ್ನು ಹೇಳುವಾಗ ಈ ಭಾಗ ಬಿಟ್ಟರೆ ಕಥೆ ಅರ್ಧವಾಗುತ್ತದೆ ಎಂದು ನಾನು ನಂಬಿದ್ದೇನೆ. ಬರ್ಮಾದ ಕಾಡು, ಕಾಶ್ಮೀರದ ಹಿಮ, ಕೊರಿಯಾದ ಕೈದಿ ಶಿಬಿರ ಎಂದು ಗಂಡ ಸುತ್ತುತ್ತಿದ್ದಾಗ ಇನ್ನೊಂದು ಕಡೆ ಒಂದು ಸಂಸಾರವೂ ನಡೆಯುತ್ತಿತ್ತಲ್ಲ.

ಇದು ಇಷ್ಟು ತೀವ್ರವಾಗಿ ಅನ್ನಿಸುವುದಕ್ಕೆ ನನ್ನ ಮನೆಯೇ ಕಾರಣ. ನನ್ನ ಅಪ್ಪ ಸಿಪಾಯಿಯಾಗಿ ಸೇರಿ ಸುಬೇದಾರರಾಗಿ ನಿವೃತ್ತರಾದವರು. ಇತ್ತೀಚೆಗೆ ತೀರಿಕೊಂಡರು. ಶ್ರದ್ಧಾಂಜಲಿ ಸಭೆಯಲ್ಲಿ ಅವರ ಪದಕಗಳ ಹೆಸರು ಓದಿದರು, ಎಲ್ಲೆಲ್ಲಿ ಪೋಸ್ಟಿಂಗ್ ಇತ್ತೆಂದು ಹೇಳಿದರು. ಗೌರವದಿಂದಲೇ ಮಾಡಿದರು, ಅದರಲ್ಲಿ ಕೊರತೆಯಿಲ್ಲ. ಮುಂದಿನ ಸಾಲಿನಲ್ಲಿ ಕೂತಿದ್ದ ಅಮ್ಮನನ್ನು ಮಾತ್ರ ಯಾರೂ ಒಂದು ಮಾತು ಕೇಳಲಿಲ್ಲ.

ಅಮ್ಮನ ಟ್ರಂಕಿನಲ್ಲಿ ಅಪ್ಪನ ಇನ್‌ಲ್ಯಾಂಡ್ ಪತ್ರಗಳ ಕಟ್ಟು ಇದೆ. ಕಳಿಸಿದವರ ವಿಳಾಸದಲ್ಲಿ ಊರಿನ ಹೆಸರೇ ಇರುವುದಿಲ್ಲ. ನಂಬರು, ರ‍್ಯಾಂಕು, ಹೆಸರು, ಯೂನಿಟ್, ಕೇರಾಫ್ 56 ಎಪಿಒ, ಅಂದರೆ ಸೇನೆಯ ಅಂಚೆ ಕಚೇರಿ. ಒಳಗೆ ಗುಂಡಿನ ಸುದ್ದಿ, ಗಡಿಯ ಸುದ್ದಿ ಒಂದು ಸಾಲೂ ಇಲ್ಲ. ಸೊಸೈಟಿ ಸಾಲದ ಕಂತು ಕಟ್ಟಿದೆಯಾ, ಹಸು ಕರು ಹಾಕಿತಾ, ಮಗಳ ಕೆಮ್ಮು ವಾಸಿಯಾಯಿತಾ. ಮನಿಆರ್ಡರ್ ಬಂದ ದಿನ ಮೊದಲು ನಿನಗೊಂದು ಸೀರೆ ತಗೋ, ಆಮೇಲೆ ಉಳಿದದ್ದು. ಅಮ್ಮ ಸೀರೆ ತಗೊಂಡದ್ದು ಕಡಿಮೆ. ತಗೊಂಡೆ ಎಂದು ಬರೆದದ್ದು ಜಾಸ್ತಿ.

ನಿವೃತ್ತಿಯಾಗಿ ಬಂದ ಕೆಲವು ವರ್ಷಕ್ಕೆ ಅಮ್ಮನಿಗೆ ಪಾರ್ಶ್ವವಾಯು ಹೊಡೆದು ಬಲಗೈ ಸ್ವಾಧೀನ ತಪ್ಪಿತು. ಅಪ್ಪ ಜಡೆ ಹೆಣೆಯುವುದನ್ನು ಕಲಿತರು. ಮೊದಮೊದಲು ಬಿಗಿಯಾಗಿ ಹಗ್ಗದ ಹಾಗೆ ಹೆಣೆದು ಅಮ್ಮನಿಂದ ಬೈಸಿಕೊಳ್ಳುತ್ತಿದ್ದರು, ಆಮೇಲೆ ಕೈ ಹದಕ್ಕೆ ಬಂತು. ಬ್ಯಾರಕ್ಕಿನಲ್ಲಿ ಇನ್‌ಸ್ಪೆಕ್ಷನ್‌ಗೆ ಕಿಟ್ ಜೋಡಿಸಿದ ಅದೇ ಶಿಸ್ತಿನಲ್ಲಿ ಬೆಳಗಿನ ಮಾತ್ರೆ, ಮಧ್ಯಾಹ್ನದ ಮಾತ್ರೆ, ರಾತ್ರಿಯ ಮಾತ್ರೆ ಸಾಲಾಗಿ ಇಡುತ್ತಿದ್ದರು. ನೌಕರಿಯಲ್ಲಿದ್ದಷ್ಟು ಕಾಲ ನೀನು ನನ್ನ ಮನೆ ಕಾದೆ, ಈಗ ನನ್ನ ಡ್ಯೂಟಿ ಅನ್ನುತ್ತಿದ್ದರು. ಆ ಡ್ಯೂಟಿಗೆ ಅವರು ಒಂದು ದಿನವೂ ರಜೆ ಹಾಕಲಿಲ್ಲ. ಅವರ ಸೇವಾ ದಾಖಲೆ ಅಂತ ಒಂದಿದ್ದರೆ ಇದೂ ಅದರಲ್ಲಿ ಇರಬೇಕು.

ಹಾಗಾಗಿ ನನ್ನ ಕೋರಿಕೆ ಇದು. ಮುಂದಿನ ಜಯಂತಿಯಲ್ಲಿ ಝೋಜಿಲಾ ಜೊತೆಗೆ ಕ್ವೆಟ್ಟಾದ ಕಥೆಯನ್ನೂ ವಿಸ್ತಾರವಾಗಿ, ಕನ್ನಡದಲ್ಲಿ, ಶಾಲೆ ಮಕ್ಕಳಿಗೆ ಮುಟ್ಟುವ ಹಾಗೆ ಹೇಳಿಸಿ. ನೀನಾ ಅವರ ಹೆಸರನ್ನು ವೇದಿಕೆಯಿಂದ ಎತ್ತಿ ಹೇಳಿ. ಇನ್ನೊಂದು, ಇದಕ್ಕಿಂತ ತುರ್ತಾದದ್ದು: ಸೈನಿಕರ ಹೆಂಡತಿಯರ ನೆನಪುಗಳನ್ನು ಅವರ ಬಾಯಿಂದಲೇ ಧ್ವನಿಮುದ್ರಿಸಿ ಸನ್ನಿಸೈಡ್‌ನಲ್ಲಿಡಿ. ಕೊಡವ ತಕ್ಕ್, ಅರೆಭಾಷೆ, ತುಳು, ಕನ್ನಡ, ಯಾರಿಗೆ ಯಾವುದು ಬಾಯಿಗೆ ಬರುತ್ತದೋ ಅದರಲ್ಲಿ. 1962, 1965, 1971 ಕಂಡ ಹೆಂಗಸರು ಈಗ ಎಂಬತ್ತರ ಆಸುಪಾಸಿನವರು, ಅದನ್ನೂ ದಾಟಿದವರು. ಅವರನ್ನು ಹುಡುಕಲು ಹೊಸ ಸಮಿತಿ ಬೇಕಿಲ್ಲ. ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಜಿಲ್ಲಾ ಕಚೇರಿಗಳು ಅವರನ್ನು ಬಲ್ಲವು. ಕೇಳಿ ಬರೆದುಕೊಳ್ಳಲು ಕಾಲೇಜು ಮಕ್ಕಳು ಸಾಕು. ಅಂಥ ಪತ್ರಗಳ ಕಟ್ಟು ಇದ್ದವರು ಒಪ್ಪಿದರೆ, ಅವುಗಳ ಪ್ರತಿ ತೆಗೆದುಕೊಂಡು ಮೂಲವನ್ನು ಅವರಿಗೇ ವಾಪಸ್ ಕೊಡಬೇಕು. ಆ ಕಾಗದಗಳು ಟ್ರಂಕಿನಿಂದ ಆಚೆ ಹೋಗುವುದನ್ನು ನನ್ನ ಅಮ್ಮನಂಥವರು ಸಹಿಸುವುದಿಲ್ಲ.

ನನ್ನ ಅಮ್ಮ ಮಾತಾಡಲು ಸಿದ್ಧರಿದ್ದಾರೆ. ಬೆಳಗಿನ ಹೊತ್ತು ಬಂದರೆ ಒಳ್ಳೆಯದು, ಮಧ್ಯಾಹ್ನದ ಮೇಲೆ ದಣಿಯುತ್ತಾರೆ.

ವಂದನೆಗಳೊಂದಿಗೆ,
ಇಂತಿ,
ನಿವೃತ್ತ ಸುಬೇದಾರರೊಬ್ಬರ ಮಗಳು