ಮಹಾಯೋಜನೆ ಕರಡು: ಆಕ್ಷೇಪಣೆ ಸಲ್ಲಿಸುವ ಬಗ್ಗೆ

ಎಲ್ಲರಿಗೂ ನಮಸ್ಕಾರ 🙏

ನಮ್ಮ ಯೋಜನಾ ಪ್ರದೇಶದ ಮಹಾಯೋಜನೆ (ಮಾಸ್ಟರ್ ಪ್ಲಾನ್, ಅಂದರೆ ಯಾವ ಜಮೀನು ಯಾವ ಬಳಕೆಗೆ ಅಂತ ಗುರುತಿಸುವ ಯೋಜನೆ) ಕರಡು ಪ್ರಕಟವಾಗಿದೆ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಂತೆ ಆಕ್ಷೇಪಣೆಗೆ ಸಿಗೋದು 60 ದಿನ ಅಷ್ಟೇ. ಕೆರೆ ಕೆಳಗೆ ಗದ್ದೆ, ತೋಟ ಇರುವವರೆಲ್ಲ ನಕ್ಷೆ ನೋಡಲೇಬೇಕು.

ಹಳದಿ ಅಂದರೆ ವಸತಿ, ನೇರಳೆ ಕೈಗಾರಿಕೆ, ತಿಳಿಹಸಿರು ಕೃಷಿ. ಗದ್ದೆ ಒಮ್ಮೆ ಹಳದಿಗೆ ಸೇರಿತೋ, ಭೂಪರಿವರ್ತನೆ (ಕೃಷಿ ಜಮೀನನ್ನು ಬೇರೆ ಬಳಕೆಗೆ ಬದಲಿಸೋದು) ಸಲೀಸು. 'ನಾನಂತೂ ಮಾರಲ್ಲ ಬಿಡಿ' ಅನ್ನಬೇಡಿ. ಮೇಲಿನ ಜಮೀನು ಲೇಔಟ್ ಆಗಿ ಕಾಲುವೆ ಮುಚ್ಚಿದರೆ ನಿಮ್ಮ ಭತ್ತಕ್ಕೂ ನೀರಿಲ್ಲ. 2020ರ ಭೂಸುಧಾರಣಾ ತಿದ್ದುಪಡಿಯ ನಂತರ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು. ಹಾಗಾಗಿ ವಲಯದ ಬಣ್ಣವೇ ಈಗ ದೊಡ್ಡ ತಡೆ.

ಮಾಡಬೇಕಾದ್ದು:
1. ಸರ್ಕಾರದ ಜಮೀನು ನಕ್ಷೆಯ ದಿಶಾಂಕ್ ಆ್ಯಪ್‌ನಲ್ಲಿ ನಿಮ್ಮ ಸರ್ವೆ ನಂಬರ್ ಹುಡುಕಿ, ಕರಡು ನಕ್ಷೆಗೆ ತಾಳೆ ನೋಡಿ.
2. ಪಹಣಿ ತೆಗೆಸಿ. ಬೆಳೆ ಕಾಲಂನಲ್ಲಿ 'ಬೀಳು' ಎಂದಿದ್ದರೆ ಮೊದಲು ಗ್ರಾಮ ಆಡಳಿತಾಧಿಕಾರಿಯನ್ನು ಕಾಣಿ. ಇಲ್ಲದಿದ್ದರೆ 'ಸಾಗುವಳಿಯೇ ಇಲ್ಲವಲ್ಲ' ಅಂತಾರೆ.
3. ಅರ್ಜಿಯಲ್ಲಿ ಸರ್ವೆ ನಂಬರ್, ಹಿಸ್ಸಾ, ಎಕರೆ-ಗುಂಟೆ, ನೀರಿನ ಮೂಲ, ಬೆಳೆ ಬರೆದು 'ಕೃಷಿ ವಲಯದಲ್ಲೇ ಉಳಿಸಿ' ಎಂದು ನೇರವಾಗಿ ಕೇಳಿ. ಸರ್ವೆ ನಂಬರ್ ಇಲ್ಲದ ಅರ್ಜಿ ಯಾವ ಜಮೀನಿಗೂ ಅಂಟಲ್ಲ.
4. ಯೋಜನಾ ಪ್ರಾಧಿಕಾರದ ಕಚೇರಿಗೆ ಅರ್ಜಿಯ ಎರಡು ಪ್ರತಿ ಒಯ್ಯಿರಿ. ಒಂದಕ್ಕೆ ಸೀಲು, ದಿನಾಂಕ ಹಾಕಿಸಿಕೊಳ್ಳದೆ ವಾಪಸ್ ಬರಬೇಡಿ.

ಒಂದೇ ಜೆರಾಕ್ಸ್‌ಗೆ ಐವತ್ತು ಸಹಿ ಬೇಡ, ಅದನ್ನು ಒಂದೇ ಆಕ್ಷೇಪಣೆ ಅಂತ ಲೆಕ್ಕ ಹಿಡಿಯಬಹುದು. ಜಂಟಿ ಖಾತೆಯವರು ಎಲ್ಲರೂ ಸಹಿ ಹಾಕಿದರೆ ಒಳ್ಳೆಯದು.

ಭಾನುವಾರ ಬೆಳಿಗ್ಗೆ 10ಕ್ಕೆ ಹಾಲಿನ ಡೇರಿ ಹತ್ತಿರ ನಕ್ಷೆಯ ದೊಡ್ಡ ಪ್ರಿಂಟ್ ಇರುತ್ತೆ. ಬರುವವರು ಶುಕ್ರವಾರದೊಳಗೆ ಸರ್ವೆ ನಂಬರ್ ಇಲ್ಲೇ ಹಾಕಿ. ಗುಡ್ ಮಾರ್ನಿಂಗ್ ಫೋಟೋಗಳಿಗೆ ಅಲ್ಲಿವರೆಗೆ ರಜೆ ಕೊಡಿ.